ಜೋಡಿ ತಾಟು

ಆಳಂದದ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ಎದುರು ನಿಂತವರನ್ನು ಕೇಳುವ ಮೊದಲ ಪ್ರಶ್ನೆ, "ಉಪಾಸ ಬಂದೀರೇನ್ರಿ?" ಎಲ್ಲರೂ ಹೌದ್ರಿ ಅನ್ನುತ್ತಾರೆ. ಸಕ್ಕರೆ ಅಳೆಯುವ ಯಂತ್ರ ಇಲ್ಲ ಅನ್ನುತ್ತದೆ. "ಖರೇ ಹೇಳ್ರಿ" ಎಂದು ಗದರಿದ ಮೇಲೆ, "ಒಂದ್ ಕಪ್ ಚಹಾ ಅಷ್ಟರಿ ಮೇಡಂ, ಅದರ ಜೋಡಿ ಎರಡು ಬಿಸ್ಕಿಟ್" ಎಂದು ಬಾಯಿ ಬಿಡುತ್ತಾರೆ. ಹೊಟ್ಟೆಯ ವಿಷಯದಲ್ಲಿ ಜನ ಇಷ್ಟು ಸಲೀಸಾಗಿ ಸುಳ್ಳು ಹೇಳುವುದು ನನಗೆ ಸಿಟ್ಟು ತರಿಸುತ್ತದೆ. ಶ್ರಾವಣ ಬಂದರಂತೂ ಸೋಮವಾರದ ಪಾಳಿ ಗೇಟಿನವರೆಗೆ ಹೋಗುತ್ತದೆ. ಹೇಗಿದ್ದರೂ ಉಪವಾಸ ಇದ್ದೇವಲ್ಲ, ತಪಾಸಣೆಯೂ ಆಗಿಹೋಗಲಿ ಎಂಬ ಉಪಾಯ.

ಈ ನೌಕರಿ ಸಿಕ್ಕಿದ್ದು ತನ್ನ ಹರಕೆಯಿಂದ ಎಂದು ಅವ್ವ ಹೇಳುತ್ತಿದ್ದಳು. ಹಗಲು ರಾತ್ರಿ ಓದಿದ ನನ್ನ ಪಾಲು ಅದರಲ್ಲಿ ಏನೂ ಇರಲಿಲ್ಲ. ಅವ್ವ ಅಫಜಲಪುರದ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು, ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಇದ್ದಳು. ಮಗಳಿಗೆ ನೌಕರಿ ಸಿಕ್ಕರೆ ಐದು ವರ್ಷ ಶ್ರಾವಣ ಸೋಮವಾರದ ಉಪವಾಸ ಹಿಡಿಯುತ್ತೇನೆ ಎಂದು ಈಶ್ವರನ ಮುಂದೆ ಬೇಡಿಕೊಂಡಿದ್ದಳು. ನಾಲ್ಕು ವರ್ಷ ಹಿಡಿದಳು. ಐದನೆಯ ಶ್ರಾವಣ ಇನ್ನೂ ದೂರ ಇರುವಾಗಲೇ ತೀರಿಕೊಂಡಳು. ಹರಕೆ ಅರ್ಧಕ್ಕೆ ನಿಲ್ಲಬಾರದು, ಅದೂ ನನ್ನ ಹೆಸರಿನದು. ಆ ಐದನೆಯ ಶ್ರಾವಣದ ನಾಲ್ಕು ಸೋಮವಾರಗಳನ್ನು ನಾನು ಹಿಡಿದೆ.

ಹಗಲೆಲ್ಲ ಉಪವಾಸ ಇರುವುದು ಕಷ್ಟವಲ್ಲ. ಒಂದು ಬಾಳೆಹಣ್ಣು, ಒಂದು ಬಟ್ಟಲು ಸಾಬೂದಾಣಿ, ಮೇಲೆ ನೀರು. ಕಷ್ಟ ಇರುವುದು ಸಂಜೆ, ಬಿಡುವಾಗ. ನಮ್ಮ ಮನೆಯಲ್ಲಿ ಒಂದು ರಿವಾಜಿದೆ. ಸೋಮವಾರದ ಉಪವಾಸವನ್ನು ಒಂಟಿ ತಾಟಿಗೆ ಬಿಡುವಂತಿಲ್ಲ. ಮಗ್ಗುಲಲ್ಲಿ ಇನ್ನೊಂದು ತಾಟು ಇರಬೇಕು, ಅದರ ಮುಂದೆ ಉಣ್ಣುವವರು ಒಬ್ಬರು ಇರಬೇಕು. ಅವರು ಉಪವಾಸ ಇರಬೇಕೆಂದಿಲ್ಲ, ಜೊತೆಗೆ ಕುಳಿತು ಉಂಡರೆ ಸಾಕು. ಒಬ್ಬರೇ ಉಂಡರೆ ಹಸಿವು ಹೋಗುತ್ತದೆ, ಆದರೆ ಆ ಸೋಮವಾರ ಹರಕೆಗೆ ಸಲ್ಲುವುದಿಲ್ಲ. ಇದು ಅವ್ವನ ಅವ್ವನಿಂದ ಬಂದದ್ದು.

ನಾಲ್ಕು ವರ್ಷ ಅವ್ವ ಯಾರ ಜೋಡಿ ಕುಳಿತಳು ಎಂದು ನಾನು ಕೇಳಿರಲಿಲ್ಲ. ಹಾಸ್ಟೆಲ್ ತುಂಬ ಹುಡುಗಿಯರು, ಜೊತೆಗೆ ಅಡುಗೆ ಮಾಡುವ ಇನ್ನೊಬ್ಬಾಕೆ. ಅವಳಿಗೇನು ಜನರ ಬರವೇ ಎಂದುಕೊಂಡಿದ್ದೆ. ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಅವಳ ಫೋನ್ ಮಾತ್ರ ತಪ್ಪದೆ ಬರುತ್ತಿತ್ತು. "ಉಣ್ಣಾಕ ಕುಂತಿಯೇನ್ ಬೇ?" ನಾನು ಹಾಸಿಗೆಯ ಮೇಲೆ ಬಿದ್ದುಕೊಂಡಿರುತ್ತಿದ್ದೆ, ಇಲ್ಲವೆ ಬಟ್ಟೆ ನೆನೆಸುತ್ತಿದ್ದೆ. "ಹೂಂ ಯವ್ವಾ, ಕುಂತೇನಿ" ಅನ್ನುತ್ತಿದ್ದೆ. ಇಲ್ಲ ಅಂದರೆ ಯಾಕ, ಏನ್ ಮಾಡೀದಿ, ಯಾವಾಗ ಉಣ್ತಿ ಎಂದು ದೊಡ್ಡ ಪುರಾಣ ಶುರುವಾಗುತ್ತಿತ್ತು. ಕುಂತೇನಿ ಅಂದರೆ "ಉಣ್ಣು ಹಂಗಾರ, ಸಾವಕಾಶ ಉಣ್ಣು" ಎಂದು ಸುಮ್ಮನಾಗುತ್ತಿದ್ದಳು. ಸುಮ್ಮನಾದರೂ ಫೋನ್ ಇಡುತ್ತಿರಲಿಲ್ಲ. ಯಾವಾಗಲೂ ನಾನೇ ಇಡುತ್ತಿದ್ದೆ.

ನನ್ನ ಮೊದಲಿನ ಎರಡು ಸೋಮವಾರ ಸಲೀಸಾಗಿ ಹೋದವು. ಪಕ್ಕದ ಖೋಲಿಯಲ್ಲಿ ಬಿಹಾರದ ಹುಡುಗಿಯೊಬ್ಬಳು ಇದ್ದಳು, ದಿನಾ ಬಸ್ಸಿನಲ್ಲಿ ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಹೋಗಿ ಬರುವವಳು. ಅವಳೂ ಶ್ರಾವಣ ಸೋಮವಾರ ಹಿಡಿದಿದ್ದಳು. ನನ್ನ ಖೋಲಿಯಲ್ಲಿ ಎರಡು ತಾಟು ಹಚ್ಚಿದೆ. ಜೋಳದ ರೊಟ್ಟಿ ಮುರಿಯಲು ಬಾರದೆ ಅವಳು ಒದ್ದಾಡುವುದನ್ನು ನೋಡಿ ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕೆ. ನೂಲ ಹುಣ್ಣಿಮೆಗೆ ಎರಡು ದಿನ ಇರುವಾಗ ಅವಳು ಚೀಲ ತುಂಬತೊಡಗಿದಳು. ಅಣ್ಣನಿಗೆ ರಾಖಿ ಕಟ್ಟಲು ಊರಿಗೆ ಹೊರಟಿದ್ದಳು. "ಮತ್ತೆ ನಿನ್ನ ಸೋಮವಾರ?" ಎಂದೆ. ಅವರ ಶ್ರಾವಣ ನಮಗಿಂತ ಹದಿನೈದು ದಿನ ಮೊದಲೇ ಶುರುವಾಗಿ ಹುಣ್ಣಿಮೆಗೆ ಮುಗಿಯುತ್ತದಂತೆ. ಅವಳ ತಿಂಗಳು ತೀರಿತ್ತು, ನನ್ನದು ಅರ್ಧ ಉಳಿದಿತ್ತು. ಅವಳ ತಪ್ಪೇನೂ ಇರಲಿಲ್ಲ. ಆದರೂ ನನಗೆ ಅವಳ ಮೇಲೆ ಸಿಟ್ಟು ಬಂತು, ಹೋಗುವಾಗ ಮಾತೂ ಆಡಲಿಲ್ಲ.

ಮೂರನೆಯ ಸೋಮವಾರ ಮನೆಯ ಮಾಲಕಿಯನ್ನು ಕರೆಯಲು ಹೋದೆ. ಅವರು ಹೊತ್ತು ಮುಳುಗುವ ಮೊದಲೇ ಉಂಡು ಧಾರಾವಾಹಿಯ ಮುಂದೆ ಕುಳಿತಿದ್ದರು. "ಮೊದಲಽ ಹೇಳಬಾರದೇನವಾ?" ಅಂದರು. ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ನಡೆದೆ. ಎದುರಿನ ಕುರ್ಚಿಯಲ್ಲಿ ಖಜೂರಿ ಕಡೆ ಹೊರಟ ಲಾರಿ ಡ್ರೈವರ್ ಒಬ್ಬ ಉಣ್ಣುತ್ತಿದ್ದ. ಉಳ್ಳಾಗಡ್ಡಿ ಇಲ್ಲದ ಪಲ್ಯ ಕೇಳಿದ್ದಕ್ಕೆ ನನ್ನ ತಾಟು ತಡವಾಯಿತು. ಅದು ಬರುವ ಹೊತ್ತಿಗೆ ಅವನು ಮಜ್ಜಿಗೆ ಕುಡಿದು ಎದ್ದಿದ್ದ. ಅವನು ಕೈ ತೊಳೆಯುವುದರೊಳಗೆ ಒಂದು ತುತ್ತನ್ನು ಗಬಗಬ ಬಾಯಿಗೆ ತುರುಕಿಕೊಂಡೆ. ಜೋಡಿ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಖೋಲಿಗೆ ಬಂದು ಅತ್ತೆ. ನನಗೆ ಬೇಕೆಂದು ಕರೆಯಲು ಆಳಂದದಲ್ಲಿ ಒಬ್ಬರೂ ಇಲ್ಲ ಎಂಬುದು ನಾಲ್ಕು ವರ್ಷದಲ್ಲಿ ಅವತ್ತೇ ನನಗೆ ತಿಳಿದದ್ದು.

ಕೊನೆಯ ಸೋಮವಾರ ಹಾಗೆ ಮಾಡಲು ಮನಸ್ಸಾಗಲಿಲ್ಲ. ಅದು ತಪ್ಪಿದರೆ ಅವ್ವನ ನಾಲ್ಕೂ ವರ್ಷ ನೀರಿನಲ್ಲಿ ಹೋಮ ಮಾಡಿದಂತೆ. ಮಧ್ಯಾಹ್ನ ರಜೆ ಹಾಕಿ ಅಫಜಲಪುರದ ಬಸ್ ಹತ್ತಿದೆ. ಅವ್ವನ ಜೊತೆ ಅಡುಗೆ ಮಾಡುತ್ತಿದ್ದಾಕೆಯ ಮನೆ ಅದೇ ಓಣಿಯಲ್ಲಿತ್ತು. ನಾನು ಹೋದಾಗ ಹಾಸ್ಟೆಲ್ಲಿನ ಕೆಲಸ ಮುಗಿಸಿ ಬಂದು ಮನೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು.

"ಅವ್ವನ ಜೋಡಿ ನೀವಽ ಕುಂದರ್ತಿದ್ರಿ. ಇವತ್ತೊಂದಿನ ನನ್ನ ಜೋಡಿ ಕುಂದರ್ರಿ" ಎಂದೆ.

ಅವರು ಹಿಟ್ಟಿನ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. "ನಾ ಎಂದೂ ಕುಂತಿಲ್ಲಬೇ. ಕರದ್ರೂ ಬರ್ತಿದ್ದಿಲ್ಲ ಆಕಿ. 'ನನ್ನ ಮಗಳು ಕುಂದರ್ತಾಳ, ಆಕಿ ಜೋಡಿ ಉಣ್ತೇನಿ' ಅಂತಿದ್ಲು."

"ನಾ ಆಳಂದದಾಗ ಇದ್ನಲ್ರಿ."

"ಫೋನ್ ಇತ್ತಲ್ಲಬೇ! ಎರಡು ತಾಟು ಹಚ್ಚಾಕಿ. ನಿನ್ನ ತಾಟಿನ ಮುಂದ ಫೋನ್ ಇಡಾಕಿ, ನೀರಿನ ಚರಗಿಗೆ ಆನಿಸಿ. ನೀ ಕುಂತೇನಿ ಅಂದ ಮ್ಯಾಲಽ ಮೊದಲನೇ ತುತ್ತು. 'ಮಗಳು ಅಲ್ಲಿ ಉಂಡ್ಲು, ನಾ ಇಲ್ಲಿ ಉಂಡೆ, ಜೋಡಿ ಆತಿಲ್ಲೋ' ಅಂತ ಮರುದಿನ ಬಂದು ನನ್ನ ಮುಂದ ಹೇಳಾಕಿ."

ಅವರು ನಗುತ್ತ ಹೇಳಿದರು. ನಾನು ಒಂದೊಂದೇ ಶ್ರಾವಣ ನೆನೆಸಿಕೊಂಡೆ. ನಿಜವಾಗಿ ತಾಟಿನ ಮುಂದೆ ಕುಳಿತು "ಕುಂತೇನಿ" ಎಂದ ಒಂದೇ ಒಂದು ಸೋಮವಾರ ಸಿಕ್ಕರೆ ಸಾಕಿತ್ತು. ಸಿಗಲಿಲ್ಲ. ನಾಲ್ಕು ವರ್ಷ ಅವ್ವ ಒಂಟಿ ತಾಟಿಗೇ ಉಂಡಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ. ಒಂದು ಕಪ್ ಚಹಾ ಕುಡಿದು ಬಂದವರನ್ನು ಬೆಳಿಗ್ಗೆ ಬೆಳಿಗ್ಗೆ ಗದರುವವಳು ನಾನು.

ಅವರು ಪಡಸಾಲೆಯಲ್ಲಿ ಎರಡು ತಾಟು ಹಚ್ಚಿದರು. ರೊಟ್ಟಿ, ಹೆಸರುಬೇಳೆ, ಶೇಂಗಾ ಹಿಂಡಿ, ಮೊಸರು ಬಡಿಸಿ, ಮತ್ತೊಂದು ರೊಟ್ಟಿ ಸುಟ್ಟು ತರುತ್ತೇನೆಂದು ಒಳಗೆ ಹೋದರು. ನಾನು ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದೆ. ಒಲೆಯ ಮುಂದಿನಿಂದಲೇ ಕೂಗಿದರು:

"ಉಣ್ಣಾಕ ಕುಂತಿಯೇನ್ ಬೇ?"

ಹೂಂ, ಕುಂತೇನಿ ಎಂದು ನಿಂತಲ್ಲೇ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ತಡೆದುಕೊಂಡೆ. ಹೋಗಿ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಆಮೇಲೆ ಹೇಳಿದೆ.