ಏರು ಮುಗಿಯುವವರೆಗೆ ಕ್ಲೈಮ್ಯಾಕ್ಸ್

ಮೊನ್ನೆ ಭಾನುವಾರ ಬೆಳಗ್ಗೆ, ಸ್ಪಾಯ್ಲರ್ ಹೇಳಿದೆನೆಂದು ನನ್ನನ್ನು ನಮ್ಮ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹಾಕಿದರು. ಮಧ್ಯಾಹ್ನ, ಆ ಸ್ಪಾಯ್ಲರ್ ತಪ್ಪೆಂದು ಗೊತ್ತಾಗಿ ಮತ್ತೆ ಸೇರಿಸಿಕೊಂಡರು.

ಎರಡರಲ್ಲಿ ಯಾವುದು ಹೆಚ್ಚು ಅವಮಾನ? ನನ್ನ ಪ್ರಕಾರ ಎರಡನೆಯದು.

ಗ್ರೂಪಿನಲ್ಲಿರುವುದು ಮೂರೇ ಜನ. ನಾನು, ಶೀನಿ, ಗೋಪಿ. ಕಾಲೇಜಿನ ಕಾಲದಿಂದಲೂ ಜತೆಗಿರುವವರು. (ಮೂವರಲ್ಲಿ ಒಬ್ಬನನ್ನು ಹೊರಗೆ ಹಾಕಿದರೆ ಉಳಿದದ್ದಕ್ಕೆ ಗ್ರೂಪು ಅನ್ನುತ್ತಾರೆಯೇ? ಇರಲಿ.) ಗೋಪಿ ಈಗ ವೈಯಾಲಿಕಾವಲ್‌ನಲ್ಲಿದ್ದಾನೆ. ನಾನೂ ಶೀನಿಯೂ ಬಸವನಗುಡಿ ಬಿಟ್ಟು ಕದಲಿಲ್ಲ. ಮೊದಲೆಲ್ಲ ನಮ್ಮ ಮಾತೆಂದರೆ ರಾಜಕೀಯ, ಸೈಟಿನ ಬೆಲೆ, ಮಕ್ಕಳ ಮದುವೆ. ಈಗ ಮೂರು ಹೊತ್ತೂ ಸೀರೀಸ್. ಯಾವುದು ನೋಡ್ತಿದೀಯ, ಎಷ್ಟನೇ ಎಪಿಸೋಡಲ್ಲಿದೀಯ, ಮುಂದಕ್ಕೆ ಹೇಳ್ಬೇಡ.

ಈ ‘ಮುಂದಕ್ಕೆ ಹೇಳ್ಬೇಡ’ ಇಲಾಖೆಯ ಮುಖ್ಯಸ್ಥ ಶೀನಿ. ಗ್ರೂಪಿನ ಅಡ್ಮಿನ್ ಕೂಡ ಅವನೇ. ಹೋಟೆಲಿನಲ್ಲಿ ಕೂತಾಗ ನಾವು ಅಪ್ಪಿತಪ್ಪಿ ಯಾವುದಾದರೂ ಕಥೆಯ ಕೊನೆಯ ಹತ್ತಿರ ಸುಳಿದರೆ ಸಾಕು, ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಗಟ್ಟಿಯಾಗಿ ಹದಿನೇಳರ ಮಗ್ಗಿ ಹೇಳತೊಡಗುತ್ತಾನೆ. ಹದಿನೇಳು ಎಂಟಲಿಗೆ ಬರುವಷ್ಟರಲ್ಲಿ ಪಕ್ಕದ ಟೇಬಲಿನವರು ಬಿಲ್ ತರಿಸಿಕೊಂಡಿರುತ್ತಾರೆ.

ಭಾನುವಾರ ಆದದ್ದಿಷ್ಟು. ಯಾವುದೋ ಚಾನೆಲ್‌ನಲ್ಲಿ ನಮ್ಮ ಕಾಲೇಜು ದಿನಗಳ ಒಂದು ಸಿನಿಮಾ ಬರುತ್ತಿದೆ ಎಂದು ಗೋಪಿ ಗ್ರೂಪಿನಲ್ಲಿ ಹಾಕಿದ. (ಸಿನಿಮಾದ ಹೆಸರು ಇಲ್ಲಿ ಬರೆಯುವುದಿಲ್ಲ. ನೀವಿನ್ನೂ ನೋಡಿಲ್ಲದಿದ್ದರೆ ನಾಳೆ ನಿಮ್ಮ ಮನೆಯಿಂದಲೂ ನನ್ನನ್ನು ಹೊರಗೆ ಹಾಕುತ್ತೀರಿ.) ಹೀರೋ ಬಸ್ ಕಂಡಕ್ಟರ್. ಮನೆಯಲ್ಲಿ ವಿಧವೆ ತಾಯಿ. ಊರಿನಲ್ಲಿ ಒಬ್ಬ ವಿಲನ್. ಮಿಕ್ಕದ್ದು ನಿಮಗೇ ಗೊತ್ತು.

ನಾನು ಉತ್ಸಾಹದಲ್ಲಿ ಟೈಪ್ ಮಾಡಿದೆ: ‘ಕೊನೇಗೆ ಕರ್ಚೀಫ್ ಇಟ್ಕೊಂಡು ಕೂತ್ಕೊಳ್ರೋ. ಹೀರೋ ಹೊಳೆಗೆ ಬಿದ್ದು ಸತ್ತ ಮೇಲೆ ಅಮ್ಮ ಅವನ ಸೀಟಿ ಊದ್ತಾಳಲ್ಲ, ಬಸ್ಸು ಹೊರಡುತ್ತಲ್ಲ, ಆ ಸೀನು ಇವತ್ತಿಗೂ ತಡ್ಕೊಳೋಕಾಗಲ್ಲ.’

ತಕ್ಷಣ ಶೀನಿಯ ಫೋನು.

“ಲೋ, ನಿಂಗೆ ಬುದ್ಧಿ ಇದ್ಯೇನೋ? ನಾನಿಲ್ಲಿ ನೋಡ್ತಾ ಕೂತಿದೀನಿ!”

“ನಲವತ್ತು ವರ್ಷದ ಹಿಂದಿನ ಸಿನಿಮಾ ಕಣೋ. ನನ್ನ ಜತೇಲೇ ನೋಡಿದೀಯ.”

“ಮರ್ತೋಗಿದೆ. ಮರ್ತೋಗಿರೋದಕ್ಕೆ ತಾನೇ ಮತ್ತೆ ನೋಡ್ತಿರೋದು? ಇಷ್ಟು ಚೆನ್ನಾಗಿ ಮರ್ಯೋಕೆ ನಲವತ್ತು ವರ್ಷ ಬೇಕಾಯ್ತು. ಒಂದು ನಿಮಿಷದಲ್ಲಿ ಹಾಳು ಮಾಡ್ದೆ.”

ಫೋನ್ ಇಟ್ಟ. ಗ್ರೂಪಿನಿಂದ ತೆಗೆದ.

ನಾನು ನನ್ನ ಹೆಂಡತಿ ಮಾಲತಿಯ ಜತೆ ಸಿನಿಮಾ ನೋಡತೊಡಗಿದೆ. ಕೊನೆ ಹತ್ತಿರ ಬಂತು. ನಾನು ಕನ್ನಡಕ ತೆಗೆದು, ಒರೆಸಿ, ಅಳಲು ಸಿದ್ಧನಾದೆ. ಸೇತುವೆಯ ಮೇಲೆ ಹೊಡೆದಾಟ. ಹೀರೋ ಬೀಳಲಿಲ್ಲ. ವಿಲನ್ ಕೂಡ ಬೀಳಲಿಲ್ಲ. ಎಲ್ಲ ಮುಗಿದ ಮೇಲೆ ಬರಬೇಕಾದ ಇನ್ಸ್‌ಪೆಕ್ಟರು ಎಲ್ಲ ಮುಗಿದ ಮೇಲೆ ಬಂದ. ಸೋದರಮಾವ ಕ್ಷಮೆ ಕೇಳಿದ. ಎರಡು ಮದುವೆಯಾಯಿತು. ಮನೆಮಂದಿಯೆಲ್ಲ ಫೋಟೋಗೆ ನಿಂತಂತೆ ಸಾಲಾಗಿ ನಿಂತು ನಕ್ಕರು. ಶುಭಂ.

“ರೀ, ನಿಮ್ಮ ಹೀರೋ ಸಾಯಲೇ ಇಲ್ವಲ್ಲ?” ಎಂದಳು ಮಾಲತಿ.

“ಟೀವಿಯವರು ಕಟ್ ಮಾಡಿದಾರೆ.”

“ಸಾವನ್ನ ಕಟ್ ಮಾಡಿ ಎರಡು ಮದುವೆ ಸೇರಿಸಿದ್ರಾ?”

ಸಾಮಾನ್ಯವಾಗಿ ಇಂಥ ಮಾತಿಗೆ ನಾನು ವಾದ ಮಾಡುತ್ತೇನೆ. ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ವಿಮಾ ಕಚೇರಿ ಸೇರಿದವನು. ಯಾವುದನ್ನೂ ಸುಲಭಕ್ಕೆ ನಂಬದಿರುವುದು ಎರಡೂ ಕಡೆ ಉಪಯೋಗಕ್ಕೆ ಬಂತು. ದೇವರನ್ನು ಅನುಮಾನಿಸಿದ್ದೇನೆ. ಪೇಪರನ್ನು ಅನುಮಾನಿಸಿದ್ದೇನೆ. ತರಕಾರಿಯವನ ತಕ್ಕಡಿಯನ್ನಂತೂ ದಿನಾ ಅನುಮಾನಿಸುತ್ತೇನೆ. ಆದರೆ ಅನುಮಾನಿಸುವ ತಲೆಯನ್ನೇ ಅನುಮಾನಿಸುವ ಪ್ರಸಂಗ ಇತ್ತೀಚಿನವರೆಗೆ ಬಂದಿರಲಿಲ್ಲ.

ಇತ್ತೀಚೆಗೆ ಬಂದಿದೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. (ಇದನ್ನು ನೀವೂ ಮಾಡುತ್ತೀರಿ, ಗೊತ್ತು.) ಹೋದ ತಿಂಗಳು ನಮ್ಮ ಕಚೇರಿಯ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆ ಹೋಗಿ ಕವರ್ ಕೊಟ್ಟು, ಫೋಟೋ ತೆಗೆಸಿಕೊಂಡು, ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುವಾಗ ತಿಳಿಯಿತು, ನಾನು ಹೋಗಬೇಕಿದ್ದ ಮದುವೆ ಎದುರಿನ ಛತ್ರದಲ್ಲಿದೆ ಎಂದು. ಆ ವಧೂವರರ ಆಲ್ಬಮ್ಮಿನಲ್ಲಿ ನಾನು ಶಾಶ್ವತವಾಗಿ ನಗುತ್ತಿರುತ್ತೇನೆ.

ಅಂದು ಮನೆಯಲ್ಲಿ ಎಲ್ಲರೂ ನಕ್ಕರು. ಮಾಲತಿ ನಗಲಿಲ್ಲ. ನಮ್ಮಪ್ಪ ಕೊನೆಕೊನೆಗೆ ನನ್ನನ್ನೇ “ತಮ್ಮದು ಯಾವೂರಾಯ್ತು?” ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದದ್ದನ್ನು ಅವಳು ನೋಡಿದ್ದಾಳೆ. ನಾನೂ ಮರೆತಿಲ್ಲ.

ಅವಳು ಭಾನುವಾರ ಸಂಜೆಯೇ ನರರೋಗ ತಜ್ಞರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಬರುವ ಗುರುವಾರಕ್ಕೆ.

“ಹಾಲು ಉಕ್ಕಿಸಿದ್ರಿ, ಸುಮ್ಮನಿದ್ದೆ. ಇರೋದನ್ನ ಮರೆತರೆ ವಯಸ್ಸು ಅನ್ಬೋದು. ಇಲ್ಲದೇ ಇರೋದನ್ನ ಜ್ಞಾಪಕ ಇಟ್ಕೊಂಡ್ರೆ ಏನನ್ನೋದು?”

ತರ್ಕ ಸರಿಯಾಗಿತ್ತು. ಅದೇ ಭಯ.

ಏಕೆಂದರೆ ಆ ದೃಶ್ಯವನ್ನು ನಾನು ಕಂಡಿದ್ದೇನೆ. ಬೆಳಗಿನ ಮಂಜು. ಖಾಲಿ ಬಸ್ಸು. ಡ್ರೈವರ್ ತಲೆತಗ್ಗಿಸಿ ಕೂತಿದ್ದಾನೆ. ಯಾರೂ ರೈಟ್ ಅನ್ನುವವರಿಲ್ಲ. ತಾಯಿ ನಿಧಾನವಾಗಿ ಹತ್ತುತ್ತಾಳೆ. ಕೈಯಲ್ಲಿ ಮಗನ ಸೀಟಿ, ಅದಕ್ಕೆ ಕೆಂಪು ದಾರ ಕಟ್ಟಿದೆ. ಊದುತ್ತಾಳೆ. ಬಸ್ಸು ಹೊರಡುತ್ತದೆ. ಇದು ಎಲ್ಲೂ ಇಲ್ಲವೆಂದರೆ ಇನ್ನೇನು ಇದೆ ಎಂದು ನಂಬಲಿ?

ಸೋಮವಾರ ಬೆಳಗ್ಗೆ ಚಾಮರಾಜಪೇಟೆಯ ನಮ್ಮ ಹಳೆಯ ಹೋಟೆಲಿನಲ್ಲಿ ಶೀನಿ ಸಿಕ್ಕ. ವಾಕಿಂಗ್ ಹೆಸರಿನಲ್ಲಿ ಬಂದು ಎರಡು ಪ್ಲೇಟ್ ಇಡ್ಲಿ ತಿನ್ನುವುದು ಅವನ ಪದ್ಧತಿ.

“ಬಾಪ್ಪ, ಹೀರೋನ ಸಾಯಿಸಿದೋನೇ. ಹೊಳೆಗೆ ಬೀಳ್ತಾನೆ, ಬೀಳ್ತಾನೆ ಅಂತ ಕಾದೂ ಕಾದೂ ನಂಗೆ ಕುತ್ತಿಗೆ ನೋವು.”

“ಶೀನಿ, ತಮಾಷೆ ಬೇಡ. ಆ ಸಿನಿಮಾ ಕೊನೆ ನಿಂಗೆ ಏನೂ ಜ್ಞಾಪಕ ಇಲ್ವಾ?”

“ಹೇಳಿದ್ನಲ್ಲ ಗುರು, ಕ್ಲೀನಾಗಿ ಮರ್ತೋಗಿದೆ ಅಂತ.”

ನಾನು ಛತ್ರದ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಲಿನದು ಹೇಳಿದೆ. ನಕ್ಕ. ಡಾಕ್ಟರದು ಹೇಳಿದೆ. ಅರ್ಧ ನಕ್ಕು ನಿಲ್ಲಿಸಿದ. ಅಪ್ಪನದು ಹೇಳಬೇಕಾಗಲಿಲ್ಲ, ಅವನಿಗೂ ಗೊತ್ತಿತ್ತು. ಅವನನ್ನೂ ನಮ್ಮಪ್ಪ ಊರು ಕೇಳಿದ್ದರು. ಚಟ್ನಿಯಲ್ಲಿ ಇಡ್ಲಿಯ ಕೊನೆಯ ತುಂಡನ್ನು ಸುಮ್ಮನೆ ಹೊರಳಿಸುತ್ತಾ ಕೂತ. ಕಾಫಿ ಕುಡಿದು ಎದ್ದ.

“ಬಾ. ನಡ್ಕೊಂಡೇ ಹೋಗೋಣ.”

“ಬುಲ್ ಟೆಂಪಲ್ ರೋಡು ಏರು ಕಣೋ. ಆಟೋ ಹಿಡಿಯೋಣ.”

“ನಡಿ ಅಂದ್ನಲ್ಲ. ನೀನು ಆ ಕ್ಲೈಮ್ಯಾಕ್ಸ್ ನೋಡೇ ಇಲ್ಲ, ಮಗಾ.”

ನಾನು ನಿಂತೆ. ಅವನು ನಿಲ್ಲಲಿಲ್ಲ. ಹಾಗಾಗಿ ನಾನೂ ಹಿಂದೆ ಹೊರಟೆ.

“ಮೆಜೆಸ್ಟಿಕ್‌ಗೆ ಮ್ಯಾಟಿನಿಗೆ ಹೋಗ್ತಿದ್ವಿ. ಸೈಕಲ್ ಇದ್ದಿದ್ದು ಯಾರಿಗೆ?”

“ನಂಗೆ. ಗೋಪಿಗೆ.”

“ನಂಗಿರ್ಲಿಲ್ಲ. ಶೋ ಬಿಟ್ಮೇಲೆ ಸೈಕಲ್ ಸ್ಟ್ಯಾಂಡ್ ಹೆಂಗಿರ್ತಿತ್ತು?”

ಅದು ನೆನಪಿತ್ತು. ಒಂದರ ಹ್ಯಾಂಡಲ್ ಇನ್ನೊಂದರ ಪೆಡಲ್ಲಿಗೆ ಸಿಕ್ಕಿ, ಒಂದು ಎಳೆದರೆ ಹತ್ತು ಬೀಳುತ್ತಿದ್ದವು. ತಗಡಿನ ಟೋಕನ್ ಹಿಡಿದು ಜನ ಕಿರುಚುತ್ತಿದ್ದರು.

“ಅದಕ್ಕೇ ಕ್ಲೈಮ್ಯಾಕ್ಸ್ ಶುರುವಾಗೋ ಹೊತ್ಗೆ ನೀವಿಬ್ರೂ ಎದ್ದು ಸೈಕಲ್ ತೆಗೆಯೋಕೆ ಹೋಗ್ತಿದ್ರಿ. ನಾನು ಕೂತು ನೋಡಿ ಬಂದು, ನಿನ್ನ ಕ್ಯಾರಿಯರ್ ಮೇಲೆ ಕೂತು, ದಾರೀಲಿ ಕಥೆ ಹೇಳ್ತಿದ್ದೆ. ಸೈಕಲ್ ನಿಮ್ದು, ಕ್ಲೈಮ್ಯಾಕ್ಸ್ ನಂದು. ಅದೇ ಒಪ್ಪಂದ.”

ಹೌದೇ? ನನ್ನ ಜೀವನದ ಒಂದು ಕ್ಲೈಮ್ಯಾಕ್ಸನ್ನೂ ನಾನು ಕಣ್ಣಾರೆ ನೋಡಿಲ್ಲವೇ?

“ಸರಿ. ಆದ್ರೆ ನೀನು ನೋಡಿದ್ದು ಎರಡು ಮದುವೆ. ನಂಗೆ ಹೇಳಿದ್ದು ಸಾವು. ಯಾಕೆ?”

ಶೀನಿ ರಸ್ತೆಯನ್ನೇ ಕೈಯಲ್ಲಿ ತೋರಿಸಿದ. “ಈ ಏರಿಗೆ. ನಿಜವಾದ ಕ್ಲೈಮ್ಯಾಕ್ಸು ಚಾಮರಾಜಪೇಟೆಗೇ ಮುಗಿದೋಗ್ತಿತ್ತು ಕಣೋ! ಕಥೆ ಮುಗಿದ ತಕ್ಷಣ ನೀನು ಏನಂತಿದ್ದೆ? ‘ಶೀನಿ, ಏರು ಬಂತು, ಇಳಿದು ತಳ್ಳೋ.’ ಒಂದ್ಸಲ ತಳ್ದೆ. ಎರಡು ಸಲ ತಳ್ದೆ. ಆಮೇಲೆ ಬುದ್ಧಿ ಬಂತು. ಕಥೆ ನಡೀತಿರೋವರೆಗೆ ನೀನು ಇಳಿ ಅನ್ನಲ್ಲ. ಹೀರೋ ಮದುವೆ ಆಗ್ಬಿಟ್ರೆ ನಾನು ಇಳೀಬೇಕು. ಅದಕ್ಕೇ ಹೊಳೆಗೆ ತಳ್ತಿದ್ದೆ. ಬಿದ್ದೋನ್ನ ಹುಡುಕ್ಬೇಕು. ಹೆಣ ಸಿಗ್ಬೇಕು. ಅಮ್ಮಂಗೆ ಹೇಳ್ಬೇಕು. ಅಷ್ಟರಲ್ಲಿ ಅರ್ಧ ಏರು. ಸೀಟಿ ಊದಿ ಬಸ್ಸು ಹೊರಡೋ ಹೊತ್ಗೆ ಬಸವನಗುಡಿ!”

“ಎಲ್ಲಾ ಸಿನಿಮಾಗೂ?”

“ಮತ್ತೆ? ನಿನ್ನ ತಲೇಲಿ ಸತ್ತಿರೋ ಹೀರೋಗಳೆಲ್ಲ ನಿಜವಾಗ್ಲೂ ಸಂಸಾರ ಮಾಡ್ಕೊಂಡು ಸುಖವಾಗಿದಾರೆ ಕಣೋ.”

ಯೋಚಿಸಿ. ಆ ಕಾಲದಲ್ಲಿ ಸಿನಿಮಾದ ಹಾಡುಗಳನ್ನು ಅಚ್ಚು ಹಾಕಿದ ಪುಟ್ಟ ಪುಸ್ತಕಗಳು, ಪದ್ಯಾವಳಿಗಳು, ಬರುತ್ತಿದ್ದವು. ಅರ್ಧ ಕಥೆ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈಬಿಡುತ್ತಿದ್ದವು. ಬೇರೆಯವರು ಬೆಳ್ಳಿತೆರೆಯ ಮೇಲೆ ನೋಡಿದರು. ನಾನು ಉಳಿದದ್ದನ್ನು ಕ್ಯಾರಿಯರ್ ಮೇಲಿನಿಂದ ಕೇಳಿದೆ. ಸಿನಿಮಾ ನೋಡಿ ಬಂದು ಕಥೆ ಹೇಳದವನನ್ನು ನಾವು ಜಿಪುಣ ಅನ್ನುತ್ತಿದ್ದೆವು. ಇಂದು ಹೇಳಿದವನನ್ನು ಗ್ರೂಪಿನಿಂದ ತೆಗೆಯುತ್ತೇವೆ. ತೆಗೆಯುವ ಅಡ್ಮಿನ್ ಯಾರು? ನನ್ನ ಇಡೀ ಯೌವನಕ್ಕೆ ಸುಳ್ಳು ಸ್ಪಾಯ್ಲರ್ ಸರಬರಾಜು ಮಾಡಿದ ಇದೇ ಆಸಾಮಿ!

“ಆದ್ರೂ ಶೀನಿ, ಆ ಸೀಟಿಗೆ ಕೆಂಪು ದಾರ ಕಟ್ಟಿದ್ಯಲ್ಲ, ಅದು ಭಲೇ ಚೆನ್ನಾಗಿತ್ತು.”

ಅವನು ತಿರುಗಿ ನೋಡಿದ. “ದಾರ ನಾನು ಕಟ್ಟಿಲ್ಲ. ಅದು ನೀನೇ ಕಟ್ಕೊಂಡಿರ್ಬೇಕು.”

ಇಬ್ಬರೂ ನಕ್ಕೆವು. ನೋಡಿದರೆ ಏರು ಮುಗಿದಿತ್ತು. ಉಸಿರು ಕಟ್ಟಿರಲಿಲ್ಲ. ಎದೆ ಹಗುರಾಗಿತ್ತು. ನನ್ನ ತಲೆಗೆ ಏನೂ ಆಗಿಲ್ಲ. ನೆನಪು ಗಟ್ಟಿಯಾಗಿದೆ. ನೆನಪಿನಲ್ಲಿ ಇರುವುದಷ್ಟೇ ಸುಳ್ಳು.

ಮನೆಗೆ ಬಂದವನೇ ಮಾಲತಿಗೆ ಎಲ್ಲವನ್ನೂ ಹೇಳಿ, ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡು ಎಂದೆ. ಅವಳು ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

“ಭಾನುವಾರ ಸಿನಿಮಾನೇ ಮರ್ತೋಗಿದೆ ಅಂದ್ರಂತೆ ಶೀನಣ್ಣ?”

“ಹೌದು.”

“ಇವತ್ತು ಬೆಳಗ್ಗೆ ಹೋಟ್ಲಲ್ಲೂ ಅದನ್ನೇ ಅಂದ್ರು?”

“ಹೌದು.”

“ರೋಡಿಗೆ ಬಂದ ತಕ್ಷಣ ಎಲ್ಲಾ ಜ್ಞಾಪಕ ಬಂತಾ? ಹೆಣ ಹುಡುಕಿದ್ದು, ಅಮ್ಮಂಗೆ ಹೇಳಿದ್ದು, ಎಲ್ಲಾ?”

ನಾನು ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ತೆಗೆಯತೊಡಗಿದೆ.

“ನಿಮಗೆ ಭಯ ಆಗಿರೋದು ಅವರಿಗೆ ಗೊತ್ತಾಗಿರತ್ತೆ, ರೀ.”

ಎಂ.ಎ. ಮಾಡಿದ್ದು ನಾನು. ಈ ಅನುಮಾನ ಬರಬೇಕಾಗಿದ್ದದ್ದು ನನಗೆ. ಕಥೆ ಕಟ್ಟಿ ಹೇಳುತ್ತಿದ್ದೆ ಎಂದು ತಾನೇ ಒಪ್ಪಿಕೊಂಡವನ ಆ ಒಪ್ಪಿಗೆಯನ್ನು ಮಾತ್ರ ನಾನು ಹೇಗೆ ನಂಬಿದೆ? ಸೈಕಲ್ ನೆನಪಿದೆ. ಏರು ನೆನಪಿದೆ. ಪೆಡಲ್ ತುಳಿಯುವಾಗ ಬೆನ್ನಿಗೆ ತಾಗುತ್ತಿದ್ದ ಶೀನಿಯ ಮಾತು ನೆನಪಿದೆ. ಅಥವಾ, ಬೆಳಗ್ಗೆ ಅವನು ಹೇಳಿದ ಮೇಲೆ ನೆನಪಾಗಿದೆ.

ಸಾಕ್ಷಿ ಬೇಕೆಂದು ಗೋಪಿಗೆ ಫೋನ್ ಮಾಡಿದೆ.

“ಕ್ಲೈಮ್ಯಾಕ್ಸ್‌ಗೆ ಮುಂಚೆ ಎದ್ದು ಹೋಗ್ತಿದ್ವಾ? ಹೋಗ್ತಿದ್ವಿ ಅನ್ಸತ್ತೆ. ದಾರೀಲಿ ಕಥೇನಾ? ಗೊತ್ತಿಲ್ಲಪ್ಪ. ನಾನು ಒಬ್ನೇ ತುಳೀತಿದ್ದೆ, ನಿಮ್ಗಿಂತ ಮುಂದೆ ಇರ್ತಿದ್ದೆ. ಅಂದ್ಹಾಗೆ ನನ್ನ ಸೈಕಲ್ ಕಳುವಾಯ್ತಲ್ಲ, ಅದು ಚೆನ್ನಾಗಿ ಜ್ಞಾಪಕ ಇದೆ.”

ಕಳುವಾದದ್ದು ನನ್ನ ಸೈಕಲ್. (ಎಂದು ನನ್ನ ನೆನಪು.)

ಕೊನೆಗೆ ಶೀನಿಗೇ ಫೋನ್ ಮಾಡಿದೆ. “ನಿಜ ಹೇಳು. ಕ್ಯಾರಿಯರ್ ಕಥೆ ನಡೆದಿದ್ದಾ, ಇವತ್ತು ಕಟ್ಟಿದ್ದಾ?”

ಅವನು ಟೀವಿಯ ಸದ್ದು ಕಮ್ಮಿ ಮಾಡಿದ.

“ಏರು ಹತ್ತಿದ್ಯೋ ಇಲ್ವೋ?”

“ಹತ್ತಿದೆ.”

“ಮತ್ತೆ? ಗುರುವಾರ ಡಾಕ್ಟರ್ ಹತ್ರ ಹೋಗು. ಏನಂತಾರೋ ಕೇಳು. ಕೊನೆ ಏನು ಅಂತ ಈಗ್ಲೇ ಯಾಕೆ ಕೇಳ್ತೀಯ? ಸ್ಪಾಯ್ಲರ್ ನಮ್ ಗ್ರೂಪಲ್ಲಿ ಬ್ಯಾನು.”

ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಲಿಲ್ಲ. ಕ್ಲಿನಿಕ್ಕು ಮೂರನೇ ಮಹಡಿಯಲ್ಲಂತೆ. ಲಿಫ್ಟು ರಿಪೇರಿಯಲ್ಲಿದೆಯಂತೆ. ಶೀನಿ ತಾನೂ ಜತೆಗೆ ಬರುತ್ತೇನೆ ಎಂದಿದ್ದಾನೆ.

ಮೂರು ಮಹಡಿಗೆ ಆಗುವಷ್ಟು ಕಥೆ ಅವನ ಹತ್ತಿರ ಇರುತ್ತದೆ ತಾನೇ?