ಸಾಲಿನ ಮೊದಲ ಕುರ್ಚಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ನಮ್ಮ ಸಾಫ್ಟ್‌ವೇರ್ ಆಫೀಸಿಗೆ ಬಂದ ಹೊಸ ಡೈರೆಕ್ಟರ್ ಗ್ರೀಸ್‌ನವನು. ಅಲ್ಲಿ ಗಂಡಸರೆಲ್ಲ ಒಂದಷ್ಟು ಕಾಲ ಸೇನೆಯಲ್ಲಿರಬೇಕಂತೆ. ಇವನು ಅಲ್ಲೇ ಉಳಿದು, ಕ್ಯಾಪ್ಟನ್ ಆಗಿ ತುಕಡಿಯೊಂದನ್ನು ನಡೆಸಿದವನು. ಬಂದವನೇ ಬೋರ್ಡಿನ ಮೇಲೆ ಒಬ್ಬರ ಹಿಂದೊಬ್ಬರು ನಿಂತ ಸೈನಿಕರ ಚಿತ್ರ ಬರೆದ. ಹಳೆಯ ಗ್ರೀಕರು ಇಂಥ ಸಾಲಿಗೆ ‘ಲೋಖೋಸ್’ ಅನ್ನುತ್ತಿದ್ದರಂತೆ. ಈಗಿನ ಸೇನೆಯಲ್ಲಿ ಅವನು ನಡೆಸಿದ ನೂರು ಚಿಲ್ಲರೆ ಜನರ ತುಕಡಿಗೂ ಅದೇ ಹೆಸರು. ಸಾಲಿನ ಮೊದಲಿಗನೇ ನಾಯಕ. ಅವನು ಬಿದ್ದರೆ ಹಿಂದಿನವನು ಮುಂದೆ ಬರುತ್ತಾನೆ, ಸಾಲು ಒಡೆಯುವುದಿಲ್ಲ. ಮರುವಾರ ನಮ್ಮ ಕುರ್ಚಿಗಳನ್ನೂ ಹಾಗೇ ಹಾಕಿಸಿದ. ಕೋಡು ಬರೆಯುವವರಿಗೆ ಇದೊಂದು ಕೇಡು ಎಂದು ಗೊಣಗಿಕೊಂಡೆ.

ನಮ್ಮ ಸಾಲಿನ ಮೊದಲ ಕುರ್ಚಿಯಲ್ಲಿದ್ದವರು ಮಂಡ್ಯ ಕಡೆಯವರು, ನನ್ನ ಪಾಲಿಗೆ ಅಣ್ಣ. ಅದೊಂದು ವಾರ ತಮ್ಮ ಕೆಲಸವನ್ನೆಲ್ಲ, ಎರಡನೆಯವಳಾದ ನನಗೆ ಕೂತು ಕಲಿಸಿದರು. ನಡುನಡುವೆ ನನ್ನ ಮುಖ ನೋಡಿ, ಎಲ್ಲ ಬರೆದುಕೋ ಎನ್ನುತ್ತಿದ್ದರು. ಸೋಮವಾರ ಅವರ ಬ್ಯಾಡ್ಜಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ, ಕೆಲಸ ಹೋಗಿತ್ತು. ಮಧ್ಯಾಹ್ನ ಡೈರೆಕ್ಟರ್ ನನ್ನನ್ನು ಮುಂದಿನ ಕುರ್ಚಿಗೆ ಕರೆದ.

ಸಂಕಟವಾಯಿತು. ಸುಳ್ಳೇಕೆ, ಖುಷಿಯೂ ಆಯಿತು. ನನ್ನ ಗಂಡನ ಕೆಲಸ ಆಗಲೇ ಹೋಗಿತ್ತು, ಮನೆಮಂದಿಯೆಲ್ಲ ಇಲ್ಲಿದ್ದದ್ದು ನನ್ನ ವೀಸಾ ಮೇಲೆ. ನನ್ನದೂ ಹೋದರೆ ಮಗಳನ್ನು ಸ್ಕೂಲು ಬಿಡಿಸಿ ಗಂಟುಮೂಟೆ ಕಟ್ಟಬೇಕಿತ್ತು. ಪ್ರಮೋಷನ್ ಅಂದ ಮೇಲೆ ಸಿಹಿ ಹಂಚದೆ ಇರಬಾರದು ಎಂದು ಹಾಸನದಿಂದ ಅಮ್ಮ ಫೋನಿನಲ್ಲಿ ಒಂದೇ ರಾಗ. ಅಣ್ಣ ಹೋದ ಬೆನ್ನಲ್ಲೇ ಬೇಡವೆಂದು ತಿಂಗಳು ಬಿಟ್ಟು, ಪಕ್ಕದೂರು ಮಿಲ್ಪಿಟಾಸ್‌ನ ಇಂಡಿಯನ್ ಅಂಗಡಿಯಿಂದ ಮೈಸೂರ್ ಪಾಕ್ ತಂದು ಎಲ್ಲರಿಗೂ ಹಂಚಿದೆ. ಆಗ ಪಕ್ಕದ ಸಾಲಿನಲ್ಲೂ ಮೊದಲ ಕುರ್ಚಿಗೆ ಹೊಸಬ ಬಂದಿದ್ದ. ಅವನಿಗೂ ಒಂದು ತುಂಡು ಕೊಟ್ಟೆನೇ ಹೊರತು ಅಲ್ಲಿ ಮೊದಲಿದ್ದವನು ಏನಾದನೆಂದು ಯೋಚಿಸಲಿಲ್ಲ, ಪೆದ್ದಿ.

ತಮ್ಮ ಸೇನೆಯಲ್ಲೂ ಬಡ್ತಿಯಾದವರು ಸಿಹಿ ಕೊಡುತ್ತಾರೆಂದು ಡೈರೆಕ್ಟರ್ ಎರಡು ತುಂಡು ತಿಂದ. ಹಳೆಯ ಗ್ರೀಕರ ಸಾಲಿನಲ್ಲಿ ಮೊದಲಿಗ ಎಷ್ಟು ಹೊತ್ತು ನಿಲ್ಲುತ್ತಿದ್ದ ಎಂದು ತಮಾಷೆಗೆ ಕೇಳಿದೆ.

“ಅದನ್ನ ಯಾರೂ ಲೆಕ್ಕ ಇಡಲ್ಲ. ಹಿಂದಿನವನು ರೆಡಿ ಇದ್ದಾನಾ ಅಂತ ಮಾತ್ರ ನೋಡ್ತಾರೆ,” ಎಂದು ಬೆರಳಿನ ತುಪ್ಪ ಒರೆಸಿಕೊಂಡ.

ನನ್ನ ಹಿಂದಿನ ಕುರ್ಚಿಯ ಬೆಂಗಳೂರಿನ ಹುಡುಗಿ ಮಾತ್ರ ಸಿಹಿ ಮುಟ್ಟಿರಲಿಲ್ಲ. ಹೊಟ್ಟೆಕಿಚ್ಚೇನೇ ಎಂದು ರೇಗಿಸಿದೆ. ಅವಳು ತಲೆ ಎತ್ತಲಿಲ್ಲ.

“ಅಕ್ಕ, ನಿಮ್ಮ ಕೆಲಸಾನೆಲ್ಲ ಈ ವಾರ ಕಲ್ತುಕೋ ಅಂದಿದಾರೆ.”

ಅರ್ಧ ತಿಂದಿದ್ದ ಮೈಸೂರ್ ಪಾಕನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಅವಳಾದರೂ ಏನು ಮಾಡಿಯಾಳು, ಅವಳದೂ ವೀಸಾ ಬದುಕೇ. ಕುರ್ಚಿ ಎಳೆದುಕೊಂಡು ಬಾ ಎಂದೆ. ಅಣ್ಣ ನನಗೆ ಎಲ್ಲಿಂದ ಶುರು ಮಾಡಿದ್ದರೋ ಅಲ್ಲಿಂದಲೇ ಅವಳಿಗೆ ಕಲಿಸತೊಡಗಿದೆ.