ಮಹಡಿ ಮನೆ ಮತ್ತು ಒಳಗೆ ಮಲಗಿದ್ದ ಓನರಮ್ಮ

ಮಕ್ಕಳೇ, ನಮ್ಮ ಹೊಸಪೇಟೆ ಮನೆಯ ಮಹಡಿಗೆ ಈಗಿರುವ ಬಾಡಿಗೆಯವರು ಬಂದದ್ದು ಹೇಗೆ ಎಂದು ನೀವು ಪ್ರತಿ ರಜೆಯಲ್ಲೂ ಕೇಳುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರಿಗಿಂತ ಮೊದಲು ಇದ್ದವರಿಗೆ ನಾನು ಹೆದರುತ್ತಿದ್ದೆ. ಅಂಗಳದ ತುಂಬ ಮೂರು ಬೈಕು ನಿಲ್ಲಿಸಿದರು, ಸುಮ್ಮನಿದ್ದೆ. ಸಂಪಿನ ನೀರೆಲ್ಲ ಆ ಬೈಕುಗಳಿಗೇ ಸುರಿದರು, ಆಗಲೂ ಸುಮ್ಮನಿದ್ದೆ. ಕೊನೆಗೆ ನನ್ನ ಗೇಟಿನಿಂದ ನಾನು ಹೊರಗೆ ಹೋಗಲು "ಸ್ವಲ್ಪ ಜರಗ್ತೀರೇನ್ರೀ" ಎಂದು ಬೇಡುವ ಹಾಗಾಯಿತು. ಅವರು ಖಾಲಿ ಮಾಡಿದ ದಿನವೇ ನಿಶ್ಚಯಿಸಿದೆ: ಈ ಸಲ ನಾನು ಹೆದರದೆ ಮಾತಾಡಬಲ್ಲಂಥವರು ಬರಬೇಕು, ಇಲ್ಲವಾದರೆ ಮಹಡಿಗೆ ಬೀಗ.

ಒಳ್ಳೆಯವರು ಬರಬೇಕಾದರೆ ಮನೆಯೂ ಒಳ್ಳೆಯದಾಗಿ ಕಾಣಬೇಕಲ್ಲ. ಅದಿರು ಲಾರಿಗಳ ಕೆಂಪು ಧೂಳು ಕಿಟಕಿಯಲ್ಲಿ ಬೆರಳುದಪ್ಪ ಕೂತಿತ್ತು, ತೊಳೆದೆ. ಬಚ್ಚಲಿನ ಬಾಗಿಲಿಗೆ ಹೊಸ ಚಿಲಕ ಹಾಕಿಸಿದೆ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಕೈಗೇ ಬರುತ್ತಿತ್ತು, ಅದನ್ನೂ ಬದಲಿಸಿದೆ. ಗೇಟಿಗೆ "ಮನೆ ಬಾಡಿಗೆಗಿದೆ" ಎಂಬ ಬೋರ್ಡು ತೂಗುಹಾಕಿದೆ. ಸುಣ್ಣ ಬಳಿಯುವವನು ಮಾತ್ರ ಇವತ್ತು, ನಾಳೆ ಎನ್ನುತ್ತಲೇ ಇದ್ದ. ಕಾದು ಸಾಕಾಗಿ, ನಿಮ್ಮಜ್ಜನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ತಲೆಗೆ ಟವೆಲು ಸುತ್ತಿ, ನಾನೇ ಸುಣ್ಣದ ಬಕೆಟ್ ಹಿಡಿದೆ.

ಆ ಹೊತ್ತಿಗೇ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು.

"ಏ ಯಮ್ಮಾ, ಓನರಮ್ಮ ಎಲ್ಲದಾಳ?" ಎಂದ ಗಂಡ.

ನನ್ನ ಮೂಗಿನ ತುದಿಯಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ನಾನೇ ಎನ್ನಲು ಬಾಯಿ ಬರಲಿಲ್ಲ. "ಒಳಗ ಮಲಗ್ಯಾರ್ರೀ" ಎಂದುಬಿಟ್ಟೆ.

"ಹನ್ನೊಂದಾದ್ರೂ ಮಲಗ್ಯಾಳ? ಮಸ್ತ್ ಆತು," ಎಂದು ಆತ ಹೆಂಡತಿಯ ಕಡೆ ತಿರುಗಿದ. "ಇಂಥಾಕಿ ಇದ್ರ ನಮ್ಮ ಎರಡು ಲಾರೀನೂ ಇಲ್ಲೇ ನಿಲ್ಲಸಬೌದು."

ಬೈಕು ಹೋಗಿ ಲಾರಿ! ಆದರೆ ಕೂಲಿಯವಳಾಗಿದ್ದೆನಲ್ಲ, ಎಲ್ಲಿಂದಲೋ ಧೈರ್ಯ ಬಂತು. "ಆಕಿ ಭಾಳ ಜೋರದಾಳ್ರೀ. ಹಿಂದಿನ ಬಾಡಿಗೇರ ಬೈಕಿನ ಗಾಳಿ ತಗದು ಒಲಿ ಊದ್ಯಾಳ!"

"ನಡೀರಿ, ನಡೀರಿ," ಎಂದು ಹೆಂಡತಿ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು.

ಮಧ್ಯಾಹ್ನ ಮರಿಯಮ್ಮನಹಳ್ಳಿಯಿಂದ ಒಬ್ಬ ಟೀಚರಮ್ಮ ತಮ್ಮ ಅತ್ತೆಯನ್ನು ಕರೆದುಕೊಂಡು ಬಂದರು. ಮತ್ತೆ ಓನರಮ್ಮ ಮಲಗಿಯೇ ಇದ್ದಳು. ಅತ್ತೆ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚಿದರು.

"ಬಾರವಾ, ನೀನೂ ಕುಂದ್ರು. ಗೋಡಿ ಎಲ್ಲಿ ಓಡಿ ಹೊಕ್ಕೈತಿ? ನಿಮ್ಮ ಓನರಮ್ಮ ಹೆಂಗದಾಳ?"

ಬಾಯಿಗೆ ರೂಢಿಯಾಗಿಬಿಟ್ಟಿತ್ತು. "ಭಾಳ ಜೋರು. ನೀರು ಸುಮ್ಮನ ಹರಿಸಿದ್ರ ಹಾರ್ಯಾಡ್ತಾಳ. ಅಂಗಳದಾಗ ಗಾಡಿ ನಿಲ್ಲಿಸಿದ್ರ ಮುಗೀತು."

"ಚಲೋ ಆತು ಬಿಡು," ಎಂದರು ಅತ್ತೆ. "ನಮ್ಮ ಹಿಂದಿನ ಮನೀ ಓನರು ಬಾಯೇ ಬಿಡ್ತಿದ್ದಿಲ್ಲ. ಮನಸಿನಾಗ ಏನೈತೋ ಅಂತ ನಾವೇ ಹೆದರಿ ಸಾಯ್ತಿದ್ವಿ."

ಮಿರ್ಚಿ ನನ್ನ ಗಂಟಲಲ್ಲೇ ನಿಂತಿತು. ಟೀಚರಮ್ಮ ನೀರು ಕೊಟ್ಟು, "ಆಕೀನ್ನ ಎಬ್ಬಿಸ್ತೀರೇನಮ್ಮ? ಮನಿ ನಮಗ ಹಿಡಿಸೈತಿ" ಎಂದರು.

ಕೆಳಗೆ ಓಡಿದೆ. ಅಂಗಿ ಬಿಚ್ಚಿ, ಮುಖ ತೊಳೆದು, ಮದುವೆ ಮುಂಜಿಗೆ ಉಡುವ ಸೀರೆ ಉಟ್ಟೆ. ಮೇಲೆ ಹೋಗಿ ಅವರ ಮುಂದೆ ನಿಂತು, "ಎದ್ದೀನ್ರೀ" ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಿವಿ ಹಿಂದ ಇನ್ನಾ ಸುಣ್ಣ ಐತಲ್ಲವಾ!"

ಅವರು ನಕ್ಕ ನಗೆಗೆ ಪಕ್ಕದ ಮನೆಯವರು ಇಣುಕಿದರು. ನಗು ನಿಲ್ಲುವ ಮೊದಲೇ ನಾನು ಕಣ್ಣು ಮುಚ್ಚಿಕೊಂಡು, "ಆದ್ರೂ ಅಂಗಳದಾಗ ಗಾಡಿ ಬ್ಯಾಡ್ರೀ!" ಎಂದು ಕೂಗಿಯೇಬಿಟ್ಟೆ.

"ನಮ್ಮತ್ರ ಸೈಕಲ್ಲೂ ಇಲ್ಲ. ಇನ್ನೊಂದು ಬ್ರಷ್ ತಾ, ಜಲ್ದಿ ಮುಗಿಸಾಣ," ಎಂದರು ಅತ್ತೆ.

ಆ ದಿನ ಅತ್ತೆ ಬಳಿದ ಗೋಡೆ ಇವತ್ತಿಗೂ ಪಟ್ಟೆಪಟ್ಟೆಯಾಗಿದೆ. ಮೊನ್ನೆ ಅದನ್ನು ಅವರಿಗೆ ಹೆದರದೆ ಹೇಳಿದೆ. "ಮೊದಲು ನಿನ್ನ ಗೋಡಿ ನೋಡ್ಕೋ ಹೋಗ" ಎಂದರು.